ಹೊಸ ಕೋಣೆಗೆ ಪರವಾನಗಿ, ಹಳೆಯ ಗುಂಡಿಗೆ ಪರೀಕ್ಷೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ ಕಾಲದಲ್ಲಿ ಮನೆ ಕಟ್ಟುವುದೆಂದರೆ ಕಲ್ಲು, ಮಣ್ಣು, ತೊಲೆ, ಜಂತಿಗಳನ್ನು ಕೂಡಿಸುವ ಕೆಲಸವಾಗಿತ್ತು. ಶೌಚಕ್ಕೆ ಬಯಲಿತ್ತು, ಕುಡಿಯುವ ನೀರಿಗೆ ಬಾವಿಯಿತ್ತು, ಎರಡರ ನಡುವೆ ಇಡೀ ಊರೇ ಇತ್ತು. ಇಂದು ಆ ಎರಡೂ ಒಂದೇ ನಿವೇಶನದೊಳಗೆ ಬಂದು ಕುಳಿತಿವೆ. ಬಯಲಿಗೆ ಹೋಗುವ ಸಂಕಟ, ಅದರಲ್ಲೂ ಹೆಣ್ಣುಮಕ್ಕಳ ಸಂಕಟ ತಪ್ಪಿತೆಂಬುದು ನಿಜವಾಗಿಯೂ ದೊಡ್ಡ ಲಾಭ. ಆದರೆ ಆ ಲಾಭದ ಜೊತೆಗೆ ಒಂದು ಹೊಸ ಹೊಣೆಯೂ ನಮ್ಮ ಹಿತ್ತಲಿಗೆ ಬಂದಿದೆ. ಆ ಹೊಣೆಯ ಹೆಸರು ಸೆಪ್ಟಿಕ್ ಟ್ಯಾಂಕ್.

ನಮ್ಮ ಪತ್ತಿಕೊಂಡ 2022ರಲ್ಲಿ ಕಂದಾಯ ವಿಭಾಗದ ಕೇಂದ್ರವಾಯಿತು. ಸುತ್ತಲಿನ ಹಳ್ಳಿಗಳಲ್ಲಿಯೂ ಆದವಾನಿ, ಆಲೂರು ಭಾಗಗಳಲ್ಲಿಯೂ ಹಳೆಯ ಮನೆಗಳ ಮೇಲೆ ಮಾಳಿಗೆಗಳು ಏಳುತ್ತಿವೆ, ಹಿತ್ತಲುಗಳು ಕೋಣೆಗಳಾಗುತ್ತಿವೆ. ಮಗನಿಗೆ ಮದುವೆಯಾದರೆ ಒಂದು ಕೋಣೆ, ಬಾಡಿಗೆಯಿಂದ ನಾಲ್ಕು ಕಾಸು ಬರಲಿ ಎಂದರೆ ಮೇಲೊಂದು ಅಂತಸ್ತು, ಹೀಗೆ ಮನೆ ಬೆಳೆಯುವುದು ಸಹಜ. ಪಂಚಾಯಿತಿಗೆ ಅರ್ಜಿ ಹಾಕಿ, ನಕ್ಷೆ ಬರೆಸಿ, ಶುಲ್ಕ ಕಟ್ಟಿ ಪರವಾನಗಿ ಪಡೆಯುವ ಪದ್ಧತಿಯೂ ನಿಧಾನವಾಗಿ ಬೇರೂರುತ್ತಿದೆ. ಬ್ಯಾಂಕಿನ ಸಾಲ ಬೇಕಾದವರಂತೂ ಮಂಜೂರಾದ ನಕ್ಷೆಯಿಲ್ಲದೆ ಮುಂದೆ ಹೆಜ್ಜೆ ಇಡುವಂತಿಲ್ಲ. ಇಷ್ಟೆಲ್ಲ ಆದರೂ ಗೃಹಸ್ಥರು ನಮ್ಮನ್ನು ಕೇಳುವ ಪ್ರಶ್ನೆ ಒಂದೇ: “ಹೊಸದಾಗಿ ಕಟ್ಟುವುದು ಎರಡು ಕೋಣೆ. ಟ್ಯಾಂಕು ಹಳೆಯದು, ಅದು ಎಂದೋ ಕಟ್ಟಿದ್ದು. ಇದಕ್ಕೂ ಅದಕ್ಕೂ ಏನು ಸಂಬಂಧ, ಸಾರ್?”

ಸಂಬಂಧ ಬಹಳವಿದೆ. ಈ ಲೇಖನದ ಉದ್ದೇಶ ಅದನ್ನು ವಿವರಿಸುವುದೇ ಆಗಿದೆ. ನಾವು ಎಂಜಿನಿಯರರಲ್ಲ, ಪಾಠ ಹೇಳುವವರು. ತಿಳಿದುದರಿಂದ ತಿಳಿಯದುದರ ಕಡೆಗೆ ನಡೆಯಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಆದುದರಿಂದ ನಮ್ಮೂರಿನವರೆಲ್ಲರಿಗೂ ತಿಳಿದಿರುವ ಒಂದು ಬಾವಿಯಿಂದಲೇ ಆರಂಭಿಸುತ್ತೇವೆ.

ಮನ್ರೋ ಬಾವಿ ಹೇಳುವ ಪಾಠ

ಮಂತ್ರಾಲಯದ ಐತಿಹ್ಯದಲ್ಲಿ ಹೆಸರು ಬರುವ ಸರ್ ಥಾಮಸ್ ಮನ್ರೋ 1800ರಿಂದ 1807ರವರೆಗೆ ನಮ್ಮ ದತ್ತ ಮಂಡಲದ ಪ್ರಧಾನ ಕಲೆಕ್ಟರರಾಗಿದ್ದರು. ಮುಂದೆ ಅವರು ಮದರಾಸಿನ ಗವರ್ನರರಾದರು. ಅಧಿಕಾರ ಬಿಟ್ಟು ತಾಯ್ನಾಡಿಗೆ ಹೊರಡುವ ಮೊದಲು ಈ ಸೀಮೆಯ ಜನರನ್ನು ಮತ್ತೊಮ್ಮೆ ನೋಡಬೇಕೆಂದು ಬಂದವರು 1827ರ ಜುಲೈ 6ರಂದು ಇದೇ ಪತ್ತಿಕೊಂಡದಲ್ಲಿ ಕಾಲರಾ ರೋಗಕ್ಕೆ ತುತ್ತಾದರು. ದೇಹವನ್ನು ಮೊದಲು ಗುತ್ತಿಯಲ್ಲಿ ಹೂಳಿ, 1831ರಲ್ಲಿ ಮದರಾಸಿನ ಕೋಟೆಯ ಇಗರ್ಜಿಗೆ ಸಾಗಿಸಿದರು. ಅವರ ನೆನಪಿಗಾಗಿ ಸರಕಾರ ಪತ್ತಿಕೊಂಡದಲ್ಲಿ ಒಂದು ತೋಪನ್ನು ಬೆಳೆಸಿ, ಕಲ್ಲಿನ ಮೆಟ್ಟಿಲು ಬಾವಿಯೊಂದನ್ನು ಕಟ್ಟಿಸಿತು. ಆಗ ಪತ್ತಿಕೊಂಡ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1858ರಲ್ಲಿ ಕರ್ನೂಲು ಜಿಲ್ಲೆಯಾದಾಗ ಇತ್ತ ಬಂದಿತು.

ಕಾಲರಾ ಎಲ್ಲಿಂದ ಬರುತ್ತದೆ ಎಂಬುದು ಅಂದು ಯಾರಿಗೂ ಗೊತ್ತಿರಲಿಲ್ಲ. ಕೆಟ್ಟ ಗಾಳಿಯಿಂದ ಬರುತ್ತದೆಂದು ವೈದ್ಯರೇ ನಂಬಿದ್ದರು. 27 ವರ್ಷಗಳ ತರುವಾಯ, 1854ರಲ್ಲಿ, ಲಂಡನ್ನಿನ ಬ್ರಾಡ್ ಬೀದಿಯ ಸುತ್ತ ಕಾಲರಾ ಎದ್ದು 600ಕ್ಕೂ ಹೆಚ್ಚು ಜನ ಸತ್ತರು. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿ, ಅವರಲ್ಲಿ ಹೆಚ್ಚಿನವರು ಬೀದಿಯ ಒಂದೇ ಪಂಪಿನ ನೀರು ಕುಡಿದವರೆಂದು ತೋರಿಸಿದರು. ಮರುವರ್ಷ ನೆಲ ಅಗೆದು ನೋಡಿದಾಗ ಪಕ್ಕದ ಮನೆಯ ಮಲಗುಂಡಿಯ ಇಟ್ಟಿಗೆ ಸವೆದು ಸೋರುತ್ತಿದ್ದುದು ಕಂಡಿತು. ಗುಂಡಿಗೂ ಬಾವಿಗೂ ನಡುವಣ ಅಂತರ 3 ಅಡಿಗಿಂತ ಕಡಿಮೆಯಾಗಿತ್ತು. ಆ ಮನೆಯ ರೋಗಿ ಹಸುಗೂಸಿನ ಬಟ್ಟೆ ಒಗೆದ ನೀರು ಆ ಗುಂಡಿಗೆ ಬಿದ್ದಿತ್ತು. ಕಾಲರಾದ ಕ್ರಿಮಿಯನ್ನು ರಾಬರ್ಟ್ ಕಾಕ್ ಅವರು ನಮ್ಮ ಕಲ್ಕತ್ತೆಯಲ್ಲಿ ಖಚಿತಪಡಿಸಿದ್ದು 1884ರಲ್ಲಿ.

ಗಮನಿಸಬೇಕಾದ ಅಂಶ ಇಷ್ಟೇ. ಆ ಮನೆಯವರು ಕೆಟ್ಟವರಲ್ಲ. ಗುಂಡಿ ಇತ್ತು, ಬಾವಿಯೂ ಇತ್ತು, ಎರಡೂ ಹಳೆಯವು. ಎರಡರ ನಡುವಿನ ನೆಲವನ್ನು ಮಾತ್ರ ಯಾರೂ ನೋಡಿರಲಿಲ್ಲ. ಮನೆಗೆ ಹೊಸ ಪರವಾನಗಿ ಕೇಳುವ ದಿನವೇ ಆ ನೆಲವನ್ನು ನೋಡಬೇಕಾದ ದಿನ.

ಟ್ಯಾಂಕಿನೊಳಗೆ ನಡೆಯುವುದೇನು?

‘ಸೆಪ್ಟಿಕ್ ಟ್ಯಾಂಕ್’ ಎಂಬ ಹೆಸರನ್ನು ಬಳಕೆಗೆ ತಂದವರು ಇಂಗ್ಲೆಂಡಿನ ಎಕ್ಸೆಟರ್ ನಗರದ ಡೊನಾಲ್ಡ್ ಕ್ಯಾಮರನ್, 1895ರ ಸುಮಾರಿಗೆ. ಅದಕ್ಕೂ ಮೊದಲು ಫ್ರಾನ್ಸಿನ ಮೂರಾ ಎಂಬವರು ಇಂತಹುದೇ ತೊಟ್ಟಿಯನ್ನು ಕಟ್ಟಿದ್ದರು. ತತ್ತ್ವ ಬಹಳ ಸರಳ. ನೀರು ಸೋರದಂತೆ ಕಟ್ಟಿದ ತೊಟ್ಟಿಗೆ ಮಲಿನ ನೀರು ಒಂದು ಕಡೆಯಿಂದ ಬರುತ್ತದೆ. ಭಾರವಾದ ರಾಡಿ ತಳಕ್ಕಿಳಿಯುತ್ತದೆ, ಜಿಡ್ಡು ಕೆನೆಯಾಗಿ ಮೇಲೆ ತೇಲುತ್ತದೆ, ನಡುವೆ ತಕ್ಕಮಟ್ಟಿಗೆ ತಿಳಿಯಾದ ನೀರು ನಿಲ್ಲುತ್ತದೆ. ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ರಾಡಿಯನ್ನು ಮೆಲ್ಲಮೆಲ್ಲನೆ ಕರಗಿಸುತ್ತವೆ. ನಡುವಿನ ನೀರು ಮತ್ತೊಂದು ಕಡೆಯಿಂದ ಹೊರಟು ಇಂಗುಗುಂಡಿಗೆ ಸೇರುತ್ತದೆ.

ಇಲ್ಲಿ ಎರಡು ಮಾತುಗಳನ್ನು ಮನಸ್ಸಿನಲ್ಲಿ ಇಡಬೇಕು. ಮೊದಲನೆಯದು, ಹೊರಬರುವ ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಶುದ್ಧವಲ್ಲ. ರೋಗಕಾರಕ ಕ್ರಿಮಿಗಳು ಅದರಲ್ಲಿ ಇದ್ದೇ ಇರುತ್ತವೆ. ಅದನ್ನು ಸೋಸುವ ಕೆಲಸ ಇಂಗುಗುಂಡಿಯ ಸುತ್ತಲಿನ ಮಣ್ಣಿನದು. ಎರಡನೆಯದು, ರಾಡಿ ಇಳಿಯಲು ನೀರಿಗೆ ಸಮಯ ಬೇಕು; ಒಂದು ದಿನವಾದರೂ ಅದು ತೊಟ್ಟಿಯಲ್ಲಿ ನಿಲ್ಲಬೇಕು. ಬರುವ ನೀರು ಹೆಚ್ಚಿದರೆ ನಿಲ್ಲುವ ಹೊತ್ತು ಕಡಿಮೆಯಾಗುತ್ತದೆ; ರಾಡಿ ಇಳಿಯುವ ಮೊದಲೇ ಹೊರಗೆ ನುಗ್ಗಿ ಇಂಗುಗುಂಡಿಯ ಕಣ್ಣುಗಳನ್ನು ಮುಚ್ಚುತ್ತದೆ. ಮಾಳಿಗೆಯ ಮೇಲೆ ಹೊಸ ಬಚ್ಚಲು ಬಂದ ಮನೆಗಳಲ್ಲಿ ಆರು ತಿಂಗಳೊಳಗೆ ಹಿತ್ತಲಲ್ಲಿ ನೀರು ಉಕ್ಕುವುದಕ್ಕೆ ಕಾರಣ ಇದೇ. “ಇಷ್ಟು ವರ್ಷ ಚೆನ್ನಾಗಿತ್ತು, ಈಗೇಕೆ ಕೆಟ್ಟಿತು?” ಎಂದು ಕೇಳುವವರಿಗೆ ಉತ್ತರ, ಟ್ಯಾಂಕು ಕೆಡಲಿಲ್ಲ, ಮನೆ ಬೆಳೆಯಿತು ಎಂಬುದಾಗಿದೆ.

“ನಮ್ಮ ಟ್ಯಾಂಕು ಹದಿನೈದು ವರ್ಷವಾದರೂ ತುಂಬಿಲ್ಲ” ಎಂದು ಹೆಮ್ಮೆಯಿಂದ ಹೇಳುವವರೂ ಉಂಟು. ಇದು ಹೆಮ್ಮೆಯ ಮಾತಲ್ಲ, ಎಚ್ಚರದ ಮಾತು. ಸರಿಯಾಗಿ ಕಟ್ಟಿದ ಟ್ಯಾಂಕು ಹೊರಕೊಳವೆಯ ಮಟ್ಟದವರೆಗೆ ಯಾವಾಗಲೂ ತುಂಬಿಯೇ ಇರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಅದರ ರಾಡಿಯನ್ನು ತೆಗೆಸಬೇಕಾಗುತ್ತದೆ. ಎಂದಿಗೂ ತುಂಬದ ಟ್ಯಾಂಕಿಗೆ ತಳವಿಲ್ಲ, ಅಥವಾ ಅದರ ಗೋಡೆ ಬಿರುಕು ಬಿಟ್ಟಿದೆ. ಸಿಮೆಂಟ್ ರಿಂಗುಗಳನ್ನು ಒಂದರ ಮೇಲೊಂದು ಇಳಿಸಿ, ತಳಕ್ಕೆ ಕಾಂಕ್ರೀಟು ಹಾಕದೆ ಬಿಟ್ಟ ಗುಂಡಿಯನ್ನು ನಮ್ಮ ಕಡೆ ಸೆಪ್ಟಿಕ್ ಟ್ಯಾಂಕೆಂದೇ ಕರೆಯುತ್ತಾರೆ. ಹೆಸರು ಟ್ಯಾಂಕಾದರೂ ಅದು ಬರಿಯ ಗುಂಡಿ.

ಲೆಕ್ಕ ಮಾಡಿ ನೋಡೋಣ

ಭಾರತೀಯ ಮಾನಕ ಸಂಸ್ಥೆಯವರು ಸೆಪ್ಟಿಕ್ ಟ್ಯಾಂಕಿಗಾಗಿ 2470 ಎಂಬ ಸಂಖ್ಯೆಯ ಮಾನಕವನ್ನು ಗೊತ್ತುಪಡಿಸಿದ್ದಾರೆ. ಅದು 1985ರಲ್ಲಿ ಪರಿಷ್ಕೃತವಾಯಿತು. ಎರಡು ವರ್ಷಕ್ಕೊಮ್ಮೆ ರಾಡಿ ತೆಗೆಸುವುದಾದರೆ 5 ಜನರಿಗೆ 1.5 ಮೀಟರು ಉದ್ದ, 0.75 ಮೀಟರು ಅಗಲ, 1.05 ಮೀಟರು ನೀರಿನ ಆಳ ಬೇಕೆಂದು ಅದು ಹೇಳುತ್ತದೆ. 10 ಜನರಿಗೆ 2 ಮೀಟರು ಉದ್ದ, 0.9 ಮೀಟರು ಅಗಲ, 1.4 ಮೀಟರು ಆಳ. ಈ ಆಳ ನೀರಿನದು ಮಾತ್ರ. ಅದರ ಮೇಲೆ ಕೆನೆಗೂ ಗಾಳಿಗೂ ಸುಮಾರು ಒಂದಡಿ ಬಿಡಬೇಕು.

ಗುಣಿಸಿ ನೋಡಿ. ಮೊದಲನೆಯದು ಸುಮಾರು 1,180 ಲೀಟರು, ಎರಡನೆಯದು 2,520 ಲೀಟರು. ತಂದೆ, ತಾಯಿ, ಮೂವರು ಮಕ್ಕಳಿಗೆಂದು ಕಟ್ಟಿದ ಮನೆಯಲ್ಲಿ ಈಗ ಸೊಸೆ, ಮೊಮ್ಮಕ್ಕಳು, ಮಾಳಿಗೆಯಲ್ಲಿ ಬಾಡಿಗೆಯ ಸಂಸಾರ ಸೇರಿ ಹತ್ತು ಜನರಾದರೆ ಎರಡರಷ್ಟಕ್ಕಿಂತಲೂ ದೊಡ್ಡ ಟ್ಯಾಂಕು ಬೇಕು. ಹಳೆಯದನ್ನು ಹಾಗೆಯೇ ಇಟ್ಟುಕೊಳ್ಳುವವರು ರಾಡಿಯನ್ನು ಪದೇ ಪದೇ ತೆಗೆಸುತ್ತಿರಬೇಕಾಗುತ್ತದೆ.

ಇನ್ನು ಅಂತರದ ಲೆಕ್ಕ. ಕೇಂದ್ರ ಸರಕಾರದ 2016ರ ಮಾದರಿ ಕಟ್ಟಡ ಉಪವಿಧಿಗಳ ಪ್ರಕಾರ ಇಂಗುಗುಂಡಿಯು ಕುಡಿಯುವ ನೀರಿನ ಬಾವಿಯಿಂದ ಕನಿಷ್ಠ 12 ಮೀಟರು ದೂರವಿರಬೇಕು, ವಾಸದ ಕಟ್ಟಡದಿಂದ ಕನಿಷ್ಠ 2 ಮೀಟರು ದೂರವಿರಬೇಕು. ಮನೆಮನೆಗೂ ಬಾವಿಯಿರುವ ಕಾಸರಗೋಡಿನ ನಮ್ಮ ಓದುಗರಿಗೆ ಕೇರಳದ ನಿಯಮದಲ್ಲಿರುವ 7.5 ಮೀಟರಿನ ಅಂತರ ಪರಿಚಿತವಾಗಿದೆ. ಸಂಖ್ಯೆ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದರೂ ಉದ್ದೇಶ ಒಂದೇ.

ನಮ್ಮಲ್ಲಿ ಸಾಮಾನ್ಯವಾದ ಮೂರು ಸೆಂಟಿನ ನಿವೇಶನವನ್ನು ತೆಗೆದುಕೊಳ್ಳಿ. ಒಂದು ಸೆಂಟೆಂದರೆ 435.6 ಚದರ ಅಡಿ. ಮೂರು ಸೆಂಟು ಸುಮಾರು 1,307 ಚದರ ಅಡಿ. ಅಗಲ 30 ಅಡಿ, ಉದ್ದ 43.5 ಅಡಿ ಇದ್ದರೆ, ಒಂದು ಮೂಲೆಯಿಂದ ಎದುರು ಮೂಲೆಗೆ ಸುಮಾರು 53 ಅಡಿ. 12 ಮೀಟರೆಂದರೆ 39 ಅಡಿಗಿಂತ ಸ್ವಲ್ಪ ಹೆಚ್ಚು. ಆದ್ದರಿಂದ ಬೋರ್‌ವೆಲ್ ಒಂದು ಮೂಲೆಯಲ್ಲಿ, ಇಂಗುಗುಂಡಿ ಅದರ ಎದುರು ಮೂಲೆಯಲ್ಲಿ ಇದ್ದರೆ ನಮ್ಮ ಅಂತರವೇನೋ ಸರಿಹೋಗುತ್ತದೆ. ಆದರೆ ನಮ್ಮ ಇಂಗುಗುಂಡಿಯಿಂದ ಪಕ್ಕದ ಮನೆಯ ಬೋರ್‌ವೆಲ್ ಎಷ್ಟು ದೂರ? ಗೋಡೆಯಾಚೆಗೆ ಐದು ಅಡಿಯಿದ್ದರೆ ನಮ್ಮ ಲೆಕ್ಕ ಸರಿಯಾಗಿಯೂ ನಮ್ಮ ನೆರೆಯವರ ಮಗು ಕಾಯಿಲೆ ಬೀಳಬಹುದು. ನಕ್ಷೆಯಲ್ಲಿ ಸ್ವಂತ ನಿವೇಶನದ ಗೆರೆಗಳಷ್ಟೇ ಸಾಲವು, ಅಕ್ಕಪಕ್ಕದ ಬಾವಿ, ಬೋರ್‌ವೆಲ್‌ಗಳೂ ಕಾಣಬೇಕು ಎಂದು ನಾವು ಒತ್ತಿ ಹೇಳುವುದು ಇದಕ್ಕಾಗಿ.

ನೆಲದ ಗುಣವನ್ನೂ ಮರೆಯುವಂತಿಲ್ಲ. ಎರೆ ಭೂಮಿಯಲ್ಲಿ ನೀರು ಬೇಗ ಇಂಗುವುದಿಲ್ಲ. ಮಳೆಗಾಲದಲ್ಲಿ ಇಂಗುಗುಂಡಿ ತುಂಬಿ ಹಿಂದಕ್ಕೆ ಒತ್ತುತ್ತದೆ. ಬೇಸಗೆಯಲ್ಲಿ ಅದೇ ಮಣ್ಣು ಬಿರಿದು ಟ್ಯಾಂಕಿನ ಗೋಡೆಯನ್ನೂ ಬಿರಿಸುತ್ತದೆ. ಮಸಾರಿ ನೆಲದಲ್ಲಿ ನೀರು ಚೆನ್ನಾಗಿ ಇಂಗುತ್ತದೆ. ಆದರೆ ನಮ್ಮ ಸೀಮೆಯ ಬಹುಭಾಗದಲ್ಲಿ ಮಣ್ಣಿನ ಪದರ ತೆಳುವಾಗಿ, ಕೆಳಗೆ ಬಿರುಕು ಬಿಟ್ಟ ಕಲ್ಲು ಹಾಸಿದೆ. ಮಣ್ಣು ನೀರನ್ನು ಸೋಸುತ್ತದೆ, ಕಲ್ಲಿನ ಬಿರುಕು ಸೋಸುವುದಿಲ್ಲ. ಅದು ಮಲಿನ ನೀರನ್ನು ಕಾಲುವೆಯಂತೆ ನೇರವಾಗಿ ಬೋರ್‌ವೆಲ್‌ಗೆ ಸಾಗಿಸಬಲ್ಲದು. ಇಂತಹ ಕಡೆ 12 ಮೀಟರು ಕನಿಷ್ಠವೇ ಹೊರತು ಅಭಯವಲ್ಲ. ಇಂಗುಗುಂಡಿ ತೋಡುವ ಮೊದಲು ಅಲ್ಲಿಯೇ ಸಣ್ಣ ಕುಳಿಯೊಂದನ್ನು ತೋಡಿ, ನೀರು ತುಂಬಿಸಿ ನೆಲವನ್ನು ನೆನೆಸಿ, ಮತ್ತೆ ನೀರು ಹಾಕಿ ಅದು ಒಂದಂಗುಲ ಇಳಿಯಲು ಎಷ್ಟು ನಿಮಿಷ ಹಿಡಿಯಿತೆಂದು ಗಡಿಯಾರ ನೋಡಿದರೆ ನೆಲದ ಗುಣ ಯಾರಿಗಾದರೂ ತಿಳಿಯುತ್ತದೆ.

ನೀರಿನ ಇನ್ನೊಂದು ದೋಷ ನೈಟ್ರೇಟು. ಮಲಿನ ನೀರು ನೆಲಕ್ಕಿಳಿದಾಗ ಹುಟ್ಟುವ ಈ ವಸ್ತುವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಹೆಚ್ಚಾದರೆ ಹಸುಗೂಸುಗಳ ರಕ್ತ ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟು ಹೋಗುವುದಿಲ್ಲ. ಬಾಣಂತಿ, ಕೂಸು ಇರುವ ಮನೆಗಳವರು ಬೋರ್‌ವೆಲ್ ನೀರನ್ನು ಪರೀಕ್ಷೆ ಮಾಡಿಸುವುದು ಅಗತ್ಯ.

ಟ್ಯಾಂಕಿನ ಮೇಲೆ ಕೋಣೆ

ಪರವಾನಗಿಯ ವಿಷಯದಲ್ಲಿ ಅತ್ಯಂತ ಗಂಭೀರವಾದ ತೊಡಕು ಬೇರೆಯೇ ಇದೆ. ಹಿತ್ತಲಿಗೆ ಕೋಣೆಯನ್ನು ಚಾಚುವಾಗ ಹಳೆಯ ಟ್ಯಾಂಕು ಕೋಣೆಯ ಕೆಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಕೆಲಸ ನಡೆಯುತ್ತಿದ್ದ ಕಡೆ ಮೇಸ್ತ್ರಿಯೊಬ್ಬರು ನಮಗೆ ಹೇಳಿದ ಮಾತಿದು: “ಮೇಲೆ ಬೇತಂಚೆರ್ಲ ಬಂಡೆ ಹಾಸಿಬಿಟ್ಟರೆ ಕೆಳಗೆ ಟ್ಯಾಂಕಿದೆ ಅಂತ ಯಾರಿಗೂ ತಿಳಿಯೋದಿಲ್ಲ ಸಾರ್.” ನಾವು ಹೇಳಿದೆವು: “ಮೇಸ್ತ್ರಿಯವರೇ, ಯಾರಿಗೂ ತಿಳಿಯದಿರುವುದೇ ಅಲ್ಲವೇ ಅಪಾಯ?”

ಏಕೆ ಅಪಾಯ? ಮೊದಲನೆಯದಾಗಿ, ಟ್ಯಾಂಕಿನ ಮುಚ್ಚಳ ತನ್ನ ಭಾರವನ್ನೂ ಅದರ ಮೇಲೆ ನಡೆಯುವವರ ಭಾರವನ್ನೂ ಹೊರಲು ಮಾಡಿದ್ದು. ಗೋಡೆಯನ್ನು ಹೊರಲು ಅಲ್ಲ. ಟ್ಯಾಂಕಿನ ಪಕ್ಕದಲ್ಲೇ ಕಂಬಕ್ಕೆ ಪಾಯ ತೋಡಿದರೆ ಟ್ಯಾಂಕಿನ ಗೋಡೆ ಒಳಕ್ಕೆ ಕುಸಿಯಬಹುದು. ಇಂಗುಗುಂಡಿಯ ಪಕ್ಕದ ನೆಲ ಸದಾ ತೇವವಾಗಿರುವುದರಿಂದ ಪಾಯವೇ ಇಳಿಯಬಹುದು. ಎರಡನೆಯದಾಗಿ, ಟ್ಯಾಂಕಿನಲ್ಲಿ ಹುಟ್ಟುವ ಅನಿಲಗಳಿಗೆ ಹೊರದಾರಿ ಬೇಕು. ಮಾದರಿ ಉಪವಿಧಿಗಳ ಪ್ರಕಾರ ಗಾಳಿ ಕೊಳವೆ ಕನಿಷ್ಠ 50 ಮಿಲಿಮೀಟರು ವ್ಯಾಸದ್ದಾಗಿ, ಬಾಯಿಗೆ ಸೊಳ್ಳೆ ನುಗ್ಗದ ಬಲೆ ಕಟ್ಟಿರಬೇಕು. ಟ್ಯಾಂಕು ಕಟ್ಟಡದಿಂದ 15 ಮೀಟರಿಗಿಂತ ಹತ್ತಿರವಿದ್ದರೆ ಕೊಳವೆ ಕಟ್ಟಡದ ನೆತ್ತಿಗಿಂತ 2 ಮೀಟರು ಮೇಲಕ್ಕೆ ಹೋಗಬೇಕು. ಒಂದಂತಸ್ತಿನ ಮನೆಗೆ ಸಾಕಾಗಿದ್ದ ಕೊಳವೆಯ ಬಾಯಿ, ಮಾಳಿಗೆ ಎದ್ದ ಮೇಲೆ ಮಲಗುವ ಕೋಣೆಯ ಕಿಟಕಿಯ ಮುಂದೆ ನಿಲ್ಲುತ್ತದೆ. ಇದನ್ನು ಎಷ್ಟು ನಕ್ಷೆಗಳಲ್ಲಿ ಯಾರು ನೋಡುತ್ತಾರೆ?

ಮೂರನೆಯದು ಪ್ರಾಣದ ಪ್ರಶ್ನೆ. ಇಂದು ಬಂಡೆ ಹಾಸಿ ಮುಚ್ಚಿದ ಟ್ಯಾಂಕು ಒಂದು ದಿನ ಕಟ್ಟಿಕೊಂಡೇ ತೀರುತ್ತದೆ. ಯಂತ್ರದ ಕೊಳವೆ ಇಳಿಸಲು ಬಾಯಿ ಇರುವುದಿಲ್ಲ. ಆಗ ನೆಲ ಒಡೆದು, ಬಡವನೊಬ್ಬನನ್ನು ಕರೆದು, ನಾಲ್ಕು ಕಾಸು ಹೆಚ್ಚು ಕೊಡುವೆವೆಂದು ಒಳಗೆ ಇಳಿಸುತ್ತಾರೆ. ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡು ಎಂಬ ವಿಷಾನಿಲ ಒಂದೆರಡು ಉಸಿರಿನಲ್ಲಿ ಎಚ್ಚರ ತಪ್ಪಿಸುತ್ತದೆ. ಕೊಳೆತ ಮೊಟ್ಟೆಯ ವಾಸನೆಯಿಂದ ಅದನ್ನು ಗುರುತಿಸಬಹುದೆನ್ನುವಂತಿಲ್ಲ, ಪ್ರಮಾಣ ಹೆಚ್ಚಾದಾಗ ಮೂಗು ವಾಸನೆಯನ್ನೇ ಅರಿಯದು. ಇಳಿದವನು ಏಳದಿದ್ದಾಗ ಅವನನ್ನು ಎತ್ತಲು ಅಣ್ಣನೋ ತಮ್ಮನೋ ಇಳಿಯುತ್ತಾನೆ, ಅವನೂ ಏಳುವುದಿಲ್ಲ. ದೇಶದ ನಾನಾ ಊರುಗಳಿಂದ ಇಂತಹ ಸುದ್ದಿ ವರ್ಷವರ್ಷವೂ ಬರುತ್ತಿದೆ.

ಇದನ್ನು ತಡೆಯಲು 2013ರಲ್ಲಿ ಸಂಸತ್ತು ಕಾನೂನು ಮಾಡಿತು. ಆ ವರ್ಷದ ಡಿಸೆಂಬರ್ 6ರಿಂದ ಅದು ಜಾರಿಯಲ್ಲಿದೆ. ರಕ್ಷಣಾ ಸಾಧನಗಳಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸುವುದು ಅಪರಾಧ. ಮೊದಲ ಸಲಕ್ಕೆ ಎರಡು ವರ್ಷಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಈ ಕಾನೂನು ಗುತ್ತಿಗೆದಾರನಿಗೆ ಮಾತ್ರವಲ್ಲ, ಮನೆಯ ಯಜಮಾನನಿಗೂ ಅನ್ವಯಿಸುತ್ತದೆ. ಇಂತಹ ಸಾವಿಗೆ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಆಜ್ಞಾಪಿಸಿತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಹಣದ ಮಾತು ಹಾಗಿರಲಿ. ನಾವು ಇಂದು ಹಾಸುವ ಒಂದು ಬಂಡೆ ಹತ್ತು ವರ್ಷಗಳ ಮೇಲೆ ಯಾರದೋ ಮಗನ ಸಾವಿಗೆ ಕಾರಣವಾಗಬಾರದು.

ನಕ್ಷೆಯನ್ನು ಓದಲು ಕಲಿಯೋಣ

ಏಳನೆಯ ತರಗತಿಯಲ್ಲಿ ಪ್ರಮಾಣದ ಪಾಠ ಮಾಡುವಾಗ ಮಕ್ಕಳಿಗೆ ತಂತಮ್ಮ ಮನೆಯ ನಕ್ಷೆಯನ್ನು ಬರೆದು ತರಲು ನಾವು ಹೇಳುವುದುಂಟು. ದೇವರಮನೆ, ಅಡುಗೆಮನೆ, ತುಳಸಿಕಟ್ಟೆ, ದನದ ಕೊಟ್ಟಿಗೆ ಎಲ್ಲವೂ ಅಲ್ಲಿರುತ್ತವೆ. ಟ್ಯಾಂಕು ಎಲ್ಲಿದೆಯೆಂದು ಕೇಳಿದರೆ ತಡವರಿಸುತ್ತಾರೆ. ಮನೆಗೆ ಹೋಗಿ ಕೇಳಿ ಬಂದು, “ಅಪ್ಪನಿಗೂ ಗೊತ್ತಿಲ್ಲವಂತೆ ಸಾರ್” ಎನ್ನುವ ಮಕ್ಕಳೂ ಇದ್ದಾರೆ. ಟ್ಯಾಂಕು ಕಟ್ಟಿಸಿದ ತಾತ ತೀರಿಕೊಂಡ ಮೇಲೆ ಅದರ ಜಾಗವೂ ಮರೆತುಹೋಗಿದೆ.

ಕಟ್ಟಡದ ನಕ್ಷೆಗೆ ಬಣ್ಣಗಳ ಒಂದು ಭಾಷೆಯುಂಟು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪದ್ಧತಿಯಂತೆ ಹೊಸದಾಗಿ ಕಟ್ಟುವುದನ್ನು ಕೆಂಪಿನಲ್ಲಿಯೂ, ಕೆಡವುವುದನ್ನು ಹಳದಿ ಗೆರೆಗಳಲ್ಲಿಯೂ, ಮಲಿನ ನೀರಿನ ಕೊಳವೆಗಳನ್ನು ಕೆಂಪು ಚುಕ್ಕೆಗಳಲ್ಲಿಯೂ, ಕುಡಿಯುವ ನೀರಿನ ಕೊಳವೆಗಳನ್ನು ಕಪ್ಪು ಚುಕ್ಕೆಗಳಲ್ಲಿಯೂ ತೋರಿಸುತ್ತಾರೆ. ಅರ್ಜಿ ನಮೂನೆಗಳು ತೆಲುಗಿನಲ್ಲಿರುವುದರಿಂದ ನಮ್ಮ ಕನ್ನಡ ಮನೆಗಳ ಹಿರಿಯರು ಸಹಿ ಹಾಕಿ ಸುಮ್ಮನಾಗುತ್ತಾರೆ. ಬಣ್ಣಕ್ಕೆ ಭಾಷೆಯ ತೊಡಕಿಲ್ಲ. ಕೆಂಪು ಕೋಣೆ ಕೆಂಪು ಚುಕ್ಕೆಗಳ ಮೇಲೆ ಬಂದಿದೆಯೇ ಎಂದು ನೋಡಲು ಕಣ್ಣು ಸಾಕು. ಟ್ಯಾಂಕಿನ ಗುರುತೇ ಇಲ್ಲದಿದ್ದರೆ, ಅದನ್ನು ಬರೆಯಿಸಿ ಅನಂತರ ಸಹಿ ಹಾಕಬೇಕು.

ಗ್ರಾಮಗಳಲ್ಲಿ ಕಟ್ಟಡಕ್ಕೆ ಅನುಮತಿ ಕೊಡುವ ಅಧಿಕಾರ 1994ರ ಆಂಧ್ರಪ್ರದೇಶ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮ ಪಂಚಾಯಿತಿಗೆ ಸೇರಿದ್ದು. ಅದಕ್ಕಾಗಿ 2002ರ ನಿಯಮಗಳಿವೆ. ಆದವಾನಿ, ಎಮ್ಮಿಗನೂರುಗಳಂತಹ ಪುರಸಭೆಯ ಊರುಗಳಿಗೆ 2017ರ ಕಟ್ಟಡ ನಿಯಮಗಳು ಅನ್ವಯಿಸುತ್ತವೆ. ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಬಂದ ಹಳ್ಳಿಗಳವರು ತಮಗೆ ಯಾವ ನಿಯಮವೆಂದು ಮೊದಲೇ ವಿಚಾರಿಸಿಕೊಳ್ಳಬೇಕು. 2019ರ ಅಕ್ಟೋಬರ್ 2ರಂದು ಆರಂಭವಾದ ಗ್ರಾಮ ಸಚಿವಾಲಯ ವ್ಯವಸ್ಥೆಯಲ್ಲಿ ಎಂಜಿನಿಯರಿಂಗ್ ಸಹಾಯಕರ ಹುದ್ದೆಯನ್ನೂ ನಿರ್ಮಿಸಲಾಯಿತು. ಅಂಥವರನ್ನು ಹಿತ್ತಲಿಗೆ ಕರೆತಂದು ತೋರಿಸಿ ಕೇಳುವುದರಲ್ಲಿ ಸಂಕೋಚವೇನೂ ಬೇಡ.

ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲಿ ನಿವಾರಿಸಬೇಕು. ನಕ್ಷೆ ಮಂಜೂರಾದ ಮಾತ್ರಕ್ಕೆ ಹಳೆಯ ಟ್ಯಾಂಕು ಚೆನ್ನಾಗಿದೆ ಎಂದು ಪಂಚಾಯಿತಿ ಪ್ರಮಾಣಪತ್ರ ಕೊಟ್ಟಂತಾಗಲಿಲ್ಲ. ಕಾಗದದಲ್ಲಿ ತೋರಿಸಿದ್ದನ್ನು ಕಚೇರಿ ನೋಡುತ್ತದೆ. ನೆಲದೊಳಗೆ ಇರುವುದನ್ನು ಮನೆಯವರೇ ತೆರೆದು ನೋಡಬೇಕು.

ಮಾಡಬೇಕಾದುದೇನು?

ನಕ್ಷೆ ಬರೆಸುವ ಮೊದಲು ಯಂತ್ರದಿಂದ ರಾಡಿ ತೆಗೆಸಿ, ಟ್ಯಾಂಕಿನೊಳಕ್ಕೆ ಯಾರನ್ನೂ ಇಳಿಸದೆ ಹೊರಗಿನಿಂದಲೇ ಕೋಲು ಹಿಡಿದು ಉದ್ದ, ಅಗಲ, ಆಳಗಳನ್ನು ಅಳೆಯಿಸಿರಿ. ಮುಚ್ಚಳ ತೆರೆದಾಗ ಬೀಡಿ, ಬೆಂಕಿಕಡ್ಡಿ ಹತ್ತಿರ ಬರಬಾರದು. ಒಳಗಿನ ಮೀಥೇನ್ ಅನಿಲ ಹೊತ್ತಿಕೊಳ್ಳುತ್ತದೆ. ಮಕ್ಕಳನ್ನು ದೂರವಿಡಬೇಕು. ತಳದಲ್ಲಿ ಸ್ವಲ್ಪ ರಾಡಿಯನ್ನು ಉಳಿಸುವುದು ಒಳ್ಳೆಯದು. ಮೊಸರಿಗೆ ಹೆಪ್ಪು ಹೇಗೋ ಹಾಗೆ ಮುಂದಿನ ಕೆಲಸಕ್ಕೆ ಅದೇ ಬೀಜ.

ಅಳತೆ ಸಾಲದಿದ್ದರೆ ದಾರಿಗಳು ಹಲವು. ಹಳೆಯ ಟ್ಯಾಂಕಿಗೆ ಹೊಂದಿದಂತೆ ಇನ್ನೊಂದು ಕೋಣೆಯನ್ನು ಕಟ್ಟಿ ನೀರು ಒಂದರಿಂದ ಒಂದಕ್ಕೆ ಹೋಗುವಂತೆ ಮಾಡಬಹುದು. ಸ್ನಾನದ, ಪಾತ್ರೆ ತೊಳೆದ ನೀರನ್ನು ಬೇರೆ ಮಾಡಿ ಬಾಳೆ, ತೆಂಗಿನ ಬುಡಕ್ಕೆ ಬಿಟ್ಟರೆ ಟ್ಯಾಂಕಿನ ಹೊರೆ ಬಹಳ ಇಳಿಯುತ್ತದೆ. ಮಾಳಿಗೆಯ ಮಳೆನೀರಿನ ಕೊಳವೆಯನ್ನು ಟ್ಯಾಂಕಿಗೆ ಎಂದಿಗೂ ಜೋಡಿಸಬಾರದು. ಹೊಸ ಶೌಚಾಲಯಕ್ಕೆ, ನೆಲದ ನೀರು ಆಳದಲ್ಲಿದ್ದು ಮಣ್ಣಿನ ಪದರ ದಪ್ಪಗಿರುವ ಕಡೆ, 2014ರಲ್ಲಿ ಆರಂಭವಾದ ಸ್ವಚ್ಛ ಭಾರತ ಯೋಜನೆಯವರು ಹೇಳುವ ಜೋಡಿಗುಂಡಿ ಪದ್ಧತಿ ಒಪ್ಪುತ್ತದೆ. ಒಂದು ಗುಂಡಿ ತುಂಬಿದ ಮೇಲೆ ಅದನ್ನು ಮುಚ್ಚಿ ಇನ್ನೊಂದಕ್ಕೆ ತಿರುಗಿಸಿದರೆ, ಮೊದಲನೆಯದು ಕಾಲಕ್ರಮದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ.

ಕೋಣೆಯ ಜಾಗದಲ್ಲೇ ಟ್ಯಾಂಕಿದ್ದು ಬೇರೆ ದಾರಿಯಿಲ್ಲದಿದ್ದರೆ, ಕಟ್ಟಡದ ಹೊರಗೆ ಹೊಸ ಟ್ಯಾಂಕನ್ನು ಮೊದಲು ಕಟ್ಟಿ, ಹಳೆಯದನ್ನು ಪೂರ್ತಿ ಬರಿದು ಮಾಡಿಸಿ, ನೀರು ನಿಲ್ಲದಂತೆ ತಳಕ್ಕೆ ತೂತು ಮಾಡಿಸಿ, ಮರಳು ಗರಸುಗಳನ್ನು ಪದರ ಪದರವಾಗಿ ತುಂಬಿ ದಮ್ಮಸು ಮಾಡಿಸಬೇಕು. ಟೊಳ್ಳಾಗಿ ಬಿಟ್ಟು ಮೇಲೆ ಬಂಡೆ ಹಾಸಬಾರದು. ತುಂಬಿಸಿದ ಆ ಜಾಗದ ಮೇಲೆ ಕಂಬವನ್ನೂ ನಿಲ್ಲಿಸಬಾರದು. ಹೊಸ ಟ್ಯಾಂಕಿನ ಬಾಯಿಗೆ ರಸ್ತೆಯಿಂದ ಯಂತ್ರದ ಕೊಳವೆ ಮುಟ್ಟುವಂತಿರಬೇಕು.

ಇನ್ನು ತೆಗೆಸಿದ ರಾಡಿ ಎಲ್ಲಿಗೆ ಹೋಗುತ್ತದೆಂದು ಕೇಳುವುದೂ ನಮ್ಮ ಕರ್ತವ್ಯವೇ. ಹಳ್ಳಕ್ಕೋ ಕೆರೆಯಂಗಳಕ್ಕೋ ಸುರಿದರೆ ನಮ್ಮ ಹಿತ್ತಲಿನ ರೋಗವನ್ನು ಊರಿಗೆ ಹಂಚಿದಂತಾಯಿತು. ಬೆಂಗಳೂರಿನ ಬಳಿಯ ದೇವನಹಳ್ಳಿಯಲ್ಲಿ 2015ರಲ್ಲಿ ಇಂತಹ ರಾಡಿಯನ್ನು ಶುದ್ಧೀಕರಿಸಿ ಗೊಬ್ಬರ ಮಾಡುವ ಘಟಕ ಆರಂಭವಾಯಿತು; ಒಂದು ಸಣ್ಣ ಊರು ತನ್ನ ಟ್ಯಾಂಕುಗಳ ರಾಡಿಯನ್ನು ತಾನೇ ಸಂಭಾಳಿಸಬಲ್ಲದೆಂಬುದನ್ನು ಅದು ದೇಶಕ್ಕೆ ತೋರಿಸಿತು. ನಮ್ಮ ಪಂಚಾಯಿತಿಗಳೂ ಗ್ರಾಮಸಭೆಗಳಲ್ಲಿ ಈ ವಿಷಯವನ್ನು ಎತ್ತಬೇಕಾಗಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಕಾಸರಗೋಡು, ತಾಳವಾಡಿ, ರಾಯದುರ್ಗ ಎಂದು ಗಡಿಯುದ್ದಕ್ಕೂ ಹರಡಿರುವ ನಮ್ಮ ಕನ್ನಡ ಮನೆಗಳಿಗೆ ಕಚೇರಿಯ ಭಾಷೆ ಬೇರೆ, ನಿಯಮದ ಸಂಖ್ಯೆ ಬೇರೆ. ನೆಲದೊಳಗಿನ ನೀರು ಮಾತ್ರ ಭಾಷೆಯನ್ನೂ ಗಡಿಯನ್ನೂ ಗೋಡೆಯನ್ನೂ ಅರಿಯದು. ಮನೆಯ ಪತ್ರಗಳನ್ನು ಇಡುವ ಪೆಟ್ಟಿಗೆಯಲ್ಲಿ ಇನ್ನೊಂದು ಹಾಳೆಯನ್ನು ಸೇರಿಸಿಡಿರಿ. ಅದರಲ್ಲಿ ಟ್ಯಾಂಕು ಎಲ್ಲಿದೆ, ಯಾವ ಗೋಡೆಯಿಂದ ಎಷ್ಟು ಅಡಿ, ಅದರ ಅಳತೆಯೇನು, ಕೊನೆಯ ಸಲ ಎಂದು ರಾಡಿ ತೆಗೆಸಿದ್ದು ಎಂಬುದನ್ನು ನಮ್ಮ ಭಾಷೆಯಲ್ಲಿಯೇ ಬರೆದಿಡಿರಿ. ಮುಂದೆ ಆ ಮನೆಯನ್ನು ಬೆಳೆಸುವ ಮಕ್ಕಳು ಮೊಮ್ಮಕ್ಕಳಿಗೆ ಆ ಒಂದು ಹಾಳೆ ಹೊಲದ ಪಹಣಿಯಷ್ಟೇ ಉಪಯೋಗಕ್ಕೆ ಬಂದೀತು.